ಉಸಿರು ಹಿಡಿಸುವ ಕೆಲಸ

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲ ದಿನ ಯಂತ್ರವನ್ನೇ ನೋಡುತ್ತಾರೆ. ನೋಡುವಂಥದ್ದೇ, ಬೇಡ ಎನ್ನುವುದಿಲ್ಲ. ಮಲಗಿದವರ ಸುತ್ತ ಆ ದೊಡ್ಡ ತಲೆ ಸದ್ದಿಲ್ಲದೆ ತಿರುಗುವುದನ್ನು ನಾನೂ ಮೊದಮೊದಲು ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಮೂವತ್ತನಾಲ್ಕು ವರ್ಷ ವಿಕಿರಣ ಚಿಕಿತ್ಸೆಯ ತಂತ್ರಜ್ಞೆಯಾಗಿದ್ದೆ. ನಿವೃತ್ತಿಯ ದಿನ ಹೊಸ ಹುಡುಗಿಯೊಬ್ಬಳು, "ಮೇಡಂ, ಒಂದೇ ಒಂದು ಸಲಹೆ ಕೊಡಿ" ಎಂದಳು. ಆಗ ಬಾಯಿಗೆ ಬಂದದ್ದು "ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂಬ ಮಾತೊಂದೇ. ಅವಳಿಗೆ ಹೇಳಬೇಕಾಗಿದ್ದದ್ದು ಬೇರೆಯೇ ಇತ್ತು ಎಂದು ಮನೆಗೆ ಬಂದ ಮೇಲೆ ಅನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರಿಗೆ ಬರಲಿಲ್ಲ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರ ಕಾಯಿಲೆಯೂ ವಾಸಿಯಾಗಲಿಲ್ಲ.

ನಾನು ಭಟ್ಕಳದವಳು, ಅಂಚೆ ಕಚೇರಿಯವರ ಮಗಳು. ಡಿಪ್ಲೊಮಾ ಮುಗಿಸಿ ಕರಾವಳಿಯಲ್ಲೇ ದಕ್ಷಿಣಕ್ಕಿರುವ ನಗರವೊಂದರ ಕ್ಯಾನ್ಸರ್ ಆಸ್ಪತ್ರೆಗೆ ಸೇರಿದಾಗ ಅಲ್ಲಿ ಇದ್ದದ್ದು ಹಳೆಯ ಕೋಬಾಲ್ಟ್ ಯಂತ್ರ. ರೋಗಿಯ ಎದೆಯ ಮೇಲೆ ನೇರಳೆ ಶಾಯಿಯಲ್ಲಿ ಚೌಕ ಎಳೆಯುವುದು, ಯಂತ್ರದ ಬೆಳಕನ್ನು ಆ ಚೌಕಕ್ಕೆ ಹೊಂದಿಸುವುದು, ಹೊರಗೆ ಬಂದು ಗುಂಡಿ ಒತ್ತುವುದು, ಇಷ್ಟೇ ಕೆಲಸ. ಆ ಚೌಕ ಆರು ವಾರ ಅಳಿಸಿಹೋಗಬಾರದು. ಆದರೆ ನಮ್ಮ ಕರಾವಳಿಯ ಸೆಕೆಗೆ ದಿನಕ್ಕೆ ಎರಡು ಸಲ ಮೀಯದಿದ್ದರೆ ಜನರಿಗೆ ನಿದ್ದೆ ಬರುವುದಿಲ್ಲ. ಶನಿವಾರ ಎಳೆದ ಚೌಕ ಸೋಮವಾರಕ್ಕೆ ಮಾಯವಾಗಿರುತ್ತಿತ್ತು.

ಒಂದು ಸೋಮವಾರ ಹಾಗೆಯೇ ಆಯಿತು. ಚರ್ಮದ ಮೇಲೆ ಉಳಿದಿದ್ದ ಮಸುಕು ಗೆರೆ ನೋಡಿ, ಅಂದಾಜಿನಲ್ಲಿ ಹೊಸ ಚೌಕ ಎಳೆದುಬಿಟ್ಟೆ. ನಮ್ಮ ವಿಭಾಗದ ವೈದ್ಯರು ಅದನ್ನು ನೋಡಿದರು. ಮುಂದೆ ಮುಖ್ಯಸ್ಥರಾಗಿ ಎಲ್ಲರ ಬಾಯಲ್ಲಿ 'ದೊಡ್ಡ ಡಾಕ್ಟರು' ಆದವರು ಅವರೇ, ಆಗಿನ್ನೂ ಸಣ್ಣ ಡಾಕ್ಟರು. ಒಂದು ಮಾತೂ ಬೈಯಲಿಲ್ಲ. ನನ್ನ ಮುಂಗೈ ಹಿಡಿದು ಒಳಮೈಯಲ್ಲಿ ಅದೇ ಶಾಯಿಯಿಂದ ಒಂದು ಚೌಕ ಎಳೆದು, ಅಳತೆ ಬರೆದುಕೊಂಡರು. "ಮನೆಗೆ ಹೋಗಿ ಸೋಪು ಹಾಕಿ ತೊಳಿ. ನಾಳೆ ಬಂದು ಅದೇ ಜಾಗದಲ್ಲಿ ನೀನೇ ಎಳೆದು ತೋರಿಸು" ಎಂದರು. ನನ್ನದೇ ಕೈ, ನನ್ನದೇ ಶಾಯಿ. ಮರುದಿನ ಎಳೆದೆ. ಎರಡು ಬೆರಳು ಆಚೆ ಹೋಗಿತ್ತು. ಅಂದಾಜು ಎಂಬ ಪದವನ್ನು ಆವತ್ತೇ ಬಿಟ್ಟೆ ಎಂದುಕೊಂಡಿದ್ದೆ. ಬಿಟ್ಟಿರಲಿಲ್ಲ ಎಂಬುದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಯಂತ್ರಗಳು ಬದಲಾದವು. ಶಾಯಿ ಹೋಗಿ ಸೂಜಿಮೊನೆಯಷ್ಟು ಹಚ್ಚೆಯ ಚುಕ್ಕೆ ಬಂತು, ಕೋಬಾಲ್ಟ್ ಹೋಗಿ ಹೊಸ ಯಂತ್ರ ಬಂತು, ಎಲ್ಲ ಲೆಕ್ಕವೂ ಮಿಲಿಮೀಟರಿಗೆ ಇಳಿಯಿತು. ಶ್ವಾಸಕೋಶದ ಗಂಟಿನ ವಿಷಯದಲ್ಲಿ ಮಾತ್ರ ಒಂದು ತೊಡಕು ಹಾಗೆಯೇ ಉಳಿದಿತ್ತು. ಅದು ನಿಂತಲ್ಲಿ ನಿಲ್ಲುವುದಿಲ್ಲ. ಉಸಿರು ಎಳೆದಾಗ ಕೆಳಗೆ, ಬಿಟ್ಟಾಗ ಮೇಲೆ, ಬಂದರಿನ ಧಕ್ಕೆಗೆ ಕಟ್ಟಿದ ದೋಣಿಯ ಹಾಗೆ ಏರಿಳಿಯುತ್ತಲೇ ಇರುತ್ತದೆ. ಆದ್ದರಿಂದ ಗಂಟಿನ ಸುತ್ತ ಅಗಲವಾಗಿ ಜಾಗ ಬಿಟ್ಟು, ಒಳ್ಳೆಯ ಭಾಗಕ್ಕೂ ಕಿರಣ ತಾಗುವುದು ಗೊತ್ತಿದ್ದೇ, ಸ್ವಲ್ಪ ಸ್ವಲ್ಪವಾಗಿ ಮೂವತ್ತು ಸಲ ಕೊಡುತ್ತಿದ್ದೆವು. ಕೊನೆಯ ವಾರ ಬರುವ ಹೊತ್ತಿಗೆ ಕೆಲವರಿಗೆ ಗಂಜಿ ಇಳಿಯುತ್ತಿರಲಿಲ್ಲ.

ದೊಡ್ಡ ಡಾಕ್ಟರು ಪರೀಕ್ಷೆಗೆ ತೆಗೆದುಕೊಂಡ ಹೊಸ ವಿಧಾನ ಇದು: ರೋಗಿ ಆಳವಾಗಿ ಉಸಿರು ಎಳೆದು ಇಪ್ಪತ್ತೈದು ಸೆಕೆಂಡು ಹಿಡಿಯಬೇಕು. ಅಷ್ಟು ಹೊತ್ತು ಗಂಟು ನಿಂತಿರುತ್ತದೆ, ಕಿರಣ ಅದರ ಮೇಲೆ ಮಾತ್ರ ಬೀಳುತ್ತದೆ. ಬಿಟ್ಟು, ಸುಧಾರಿಸಿಕೊಂಡು, ಮತ್ತೆ ಹಿಡಿಯಬೇಕು. ಪ್ರತಿ ಸಲವೂ ಅಷ್ಟೇ ಆಳಕ್ಕೆ ಹಿಡಿಯಬೇಕು, ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಆಗಬಾರದು. ಹಾಗೆ ಹಿಡಿಯಬಲ್ಲವರಿಗೆ ಮೂವತ್ತು ಸಲದ ಬದಲು ಐದೇ ಸಲ, ಹೆಚ್ಚು ಪ್ರಮಾಣದಲ್ಲಿ. ಮೂರು ಯತ್ನದಲ್ಲಿ ಹಿಡಿಯಲಾಗದವರನ್ನು ಪರೀಕ್ಷೆಯಿಂದ ಕೈಬಿಟ್ಟು ಹಳೆಯ ಮೂವತ್ತರ ಪಟ್ಟಿಗೆ ಹಾಕಬೇಕು. ಹಿಡಿಯಲು ಕಲಿಸುವುದು ತಂತ್ರಜ್ಞರ ಕೆಲಸ.

ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ನಮ್ಮಲ್ಲಿಗೆ ಬರುವವರು ಬಹಳ. ಬೆಳಗಿನ ಜಾವ ಹೊರಟು ಬಂದು, ದಣಿದು, ಗುರುತಿಲ್ಲದ ಜಾಗದಲ್ಲಿ ಮಲಗಿ ಉಸಿರು ಹಿಡಿ ಎಂದರೆ ಯಾರಿಗೆ ಬರುತ್ತದೆ? ಅವರ ಊರಿನ ಹತ್ತಿರವೇ ಮೊದಲು ಅಭ್ಯಾಸ ಮಾಡಿಸೋಣ ಎಂದರು ದೊಡ್ಡ ಡಾಕ್ಟರು. ಆ ಕಡೆಯ ಮಾತು ಬಲ್ಲವಳೆಂದು ನನ್ನನ್ನು ಕಳಿಸಿದರು. ಶನಿವಾರ ಶನಿವಾರ ಪ್ಯಾಸೆಂಜರ್ ರೈಲಿನಲ್ಲಿ ಹೊನ್ನಾವರಕ್ಕೆ ಹೋಗುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ, ಒಂದು ಮಂಚ, ಎದೆಯ ಏರಿಳಿತ ತೋರಿಸುವ ಮುಳ್ಳಿದ್ದ ಒಂದು ಬೆಲ್ಟು. ಕೆಲವೇ ತಿಂಗಳಲ್ಲಿ ನನಗೆ 'ಉಸ್ರಿನ ಅಕ್ಕೋರು' ಎಂಬ ಹೆಸರು ಬಿತ್ತು.

ಅಲ್ಲಿಯ ಮೊದಲ ಪಾಠ ನನಗೆ ಕಲಿಸಿದವರು ಭಟ್ಕಳದ ಇಸ್ಮಾಯಿಲ್ ಸಾಹೇಬರು. ಬಟ್ಟೆ ವ್ಯಾಪಾರ ಮಾಡಿ ಮಕ್ಕಳಿಗೆ ಬಿಟ್ಟುಕೊಟ್ಟಿದ್ದ ಹಿರಿಯರು, ಅಪ್ಪನ ಪರಿಚಯದವರು. ಆಸ್ಪತ್ರೆಯ ಯಂತ್ರದಲ್ಲಿ ಧ್ವನಿಮುದ್ರಿತ ಸೂಚನೆ ಬರುತ್ತದೆ, "ಆಳವಾಗಿ ಉಸಿರು ಎಳೆಯಿರಿ, ಹಿಡಿಯಿರಿ" ಎಂದು. ಅದನ್ನೇ ಮೊಬೈಲಿನಲ್ಲಿ ಹಾಕಿ ಅಭ್ಯಾಸ ಮಾಡಿಸುತ್ತಿದ್ದೆ. ಸಾಹೇಬರು ಚೆನ್ನಾಗಿ ಎಳೆಯುತ್ತಿದ್ದರು. ಹಿಡಿಯಿರಿ ಎಂದ ತಕ್ಷಣ ಮುಳ್ಳು ದೊಪ್ಪನೆ ಇಳಿಯುತ್ತಿತ್ತು. ಹತ್ತು ಸಲ ಹೀಗೆಯೇ ಆದ ಮೇಲೆ ಅವರ ಬಾಯಿಯ ಹತ್ತಿರ ಕಿವಿ ಇಟ್ಟೆ. ಧ್ವನಿ ಹಿಡಿಯಿರಿ ಎಂದದ್ದಕ್ಕೆ ಸಾಹೇಬರು ಮೆಲ್ಲಗೆ "ಆತು" ಎನ್ನುತ್ತಿದ್ದರು. ಆ 'ಆತು'ವಿನಲ್ಲೇ ಉಸಿರೆಲ್ಲ ಹೋಗುತ್ತಿತ್ತು.

"ಸಾಹೇಬ್ರೆ, ಅದು ಯಂತ್ರ. ಅದಕ್ಕೆ ಉತ್ತರ ಕೊಡೂದು ಬೇಡ" ಎಂದೆ.

"ಮರ್ಯಾದಿಂದ ಹೇಳ್ತದಲ್ಲ, ಸುಮ್ನೆ ಹ್ಯಾಂಗೆ ಇರೂದು? ಬೇಅದಬಿ ಆತದೆ" ಎಂದರು.

ನಗು ತಡೆದುಕೊಂಡೆ. ಆಮೇಲೆ ಗಮನಿಸಿದರೆ, ನಮ್ಮ ಕಡೆಯ ಅರ್ಧಕ್ಕರ್ಧ ಜನ ಹೀಗೆ ಮಾಡುತ್ತಿದ್ದರು. ಎಷ್ಟೆಂದರೂ ಹೇಳಿದವರಿಗೆ 'ಆತು' ಎನ್ನದೆ ಇರುವುದು ನಮಗೆ ಬಾರದು. ಕೊನೆಗೆ ನಾನೇ ಹೊಸದಾಗಿ ಧ್ವನಿಮುದ್ರಣ ಮಾಡಿದೆ. "ಉಸ್ರು ಎಳೀರಿ. ಆತು ಅಂಬೂದು ಬೇಡ. ಹಿಡ್ಕಳ್ಳಿ." ದೊಡ್ಡ ಡಾಕ್ಟರು ಅದನ್ನು ಕೇಳಿ ಹುಬ್ಬೇರಿಸಿದರು. ಆದರೆ ಮುಳ್ಳು ನಿಂತದ್ದನ್ನು ನೋಡಿದ ಮೇಲೆ ಏನೂ ಅನ್ನಲಿಲ್ಲ. ಸಾಹೇಬರದ್ದು ಐದು ಸಲದಲ್ಲಿ ಮುಗಿಯಿತು. ಆ ಗೆಲುವಿನಿಂದ ನನಗೆ ಸ್ವಲ್ಪ ಕೊಂಬು ಬಂತು ಎಂದೇ ಹೇಳಬೇಕು. ಈ ಜನರನ್ನು ನಾನು ಪೂರ್ತಿ ಬಲ್ಲೆ ಎಂದುಕೊಂಡೆ.

ಹೀಗಿರುವಾಗ ಮಾದೇವಿ ಗೌಡ ಬಂದರು. ಕುಮಟಾದ ಸಂತೆಗುಳಿ ಕಡೆಯ ಹಾಲಕ್ಕಿ ಒಕ್ಕಲಿನ ಹೆಂಗಸು, ಅರವತ್ತರ ಹತ್ತಿರ. ಹರಿವೆ, ಬದನೆ ಬೆಳೆದು ಕುಮಟಾ ಪೇಟೆಯಲ್ಲಿ ಬುಟ್ಟಿ ಇಟ್ಟು ಮಾರುವವರು. ಜೊತೆಗೆ ಗಂಡ ತಿಮ್ಮಪ್ಪ ಗೌಡರು, ಮಾತು ಕಡಿಮೆ. ಆಕೆಯ ಎಡ ಶ್ವಾಸಕೋಶದ ಕೆಳಭಾಗದಲ್ಲಿ ನೆಲ್ಲಿಕಾಯಿಯಷ್ಟು ಗಂಟು, ಹೃದಯಕ್ಕೆ ತೀರ ಹತ್ತಿರ. ಹೃದಯವೇ ದುರ್ಬಲ ಇದ್ದುದರಿಂದ ಶಸ್ತ್ರಚಿಕಿತ್ಸೆ ಆಗುವಂತಿರಲಿಲ್ಲ. ಎರಡು ದಾರಿಯನ್ನೂ ಬಿಡಿಸಿ ಹೇಳಿದೆ. ಉಸಿರು ಹಿಡಿಯಲು ಬಂದರೆ ಐದು ಸಲ, ಬಾರದಿದ್ದರೆ ಆರು ವಾರ ಅಲ್ಲೇ ಉಳಿದು ಮೂವತ್ತು ಸಲ.

"ಆರು ವಾರ ನಂಗೆ ಆಗೂದಿಲ್ಲ ಅಕ್ಕೋರೆ. ಬಿತ್ತಿದ ಹರಿವೆ ನಾ ಬರೂವರೆಗೆ ಕಾಯ್ತದ್ಯಾ?" ಎಂದರು ಮಾದೇವಿ. "ಐದು ಸಲ ಆದ್ರೆ ಬತ್ತೆ. ಇಲ್ದಿದ್ರೆ ಹೀಂಗೇ ಇರ್ತೆ."

ಹೀಂಗೇ ಇರ್ತೆ ಎಂದರೆ ಎಂತ ಎಂಬುದು ನನಗೂ ಗೊತ್ತಿತ್ತು, ತಿಮ್ಮಪ್ಪ ಗೌಡರಿಗೂ ಗೊತ್ತಿತ್ತು. ಅವರು ಕಿಟಕಿಯ ಕಡೆ ನೋಡುತ್ತ ಕುಳಿತಿದ್ದರು. ಆಕೆ ಐದು ಸಲದ ಪಟ್ಟಿಯಲ್ಲಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೊನ್ನಾವರದಲ್ಲಿ ನಾಲ್ಕು ಶನಿವಾರ ಅಭ್ಯಾಸ ನಡೆಯಿತು. ಹಾಲಕ್ಕಿ ಹೆಂಗಸರ ಕೊರಳು ತುಂಬ ಮಣಿಸರ ಇರುತ್ತದೆ. ಗಾಜಿನ ಸಣ್ಣ ಮಣಿಗಳ ಸರ ಒಂದರ ಮೇಲೊಂದು, ಅದರ ನಡುವೆ ತಾಳಿಯ ಕರಿಮಣಿ. ಮಾದೇವಿಯವರದು ಎರಡು ಕೈಯಲ್ಲಿ ಎತ್ತಬೇಕಾದಷ್ಟು. ಅಭ್ಯಾಸಕ್ಕೆ ಅವುಗಳಿಂದ ಏನೂ ಅಡ್ಡಿ ಇರಲಿಲ್ಲ. ಎಲ್ಲವನ್ನೂ ಕೊರಳಿನ ಕಡೆ ಸರಿಸಿ, ಕೆಳಗೆ ಬೆಲ್ಟು ಕಟ್ಟುತ್ತಿದ್ದೆ. ಆಕೆಯಷ್ಟು ಚೆನ್ನಾಗಿ ಹಿಡಿದವರನ್ನು ನಾನು ಕಂಡಿರಲಿಲ್ಲ. ಮುಳ್ಳು ಪ್ರತಿ ಸಲವೂ ಅದೇ ಗೆರೆಗೆ ಬಂದು ನಿಲ್ಲುತ್ತಿತ್ತು. ದೊಡ್ಡ ಡಾಕ್ಟರಿಗೆ ಫೋನು ಮಾಡಿ, ಇವರ ಬಗ್ಗೆ ಚಿಂತೆಯೇ ಬೇಡ ಎಂದೆ.

ಆಸ್ಪತ್ರೆಯಲ್ಲಿ ಚಿಕಿತ್ಸೆಯ ಯೋಜನೆ ಹಾಕಲು ತೆಗೆಯುವ ಸ್ಕ್ಯಾನಿಗೆ ಮಣಿ ತೆಗೆಯಲೇಬೇಕು. ಗಾಜು ಚಿತ್ರವನ್ನು ಕೆಡಿಸುತ್ತದೆ. ಆ ಮಾತನ್ನು ಮೊದಲೇ ಹೇಳಿದ್ದೆ. ಗಂಡ ಇರುವಾಗ ಕೊರಳು ಖಾಲಿ ಬಿಡುವುದು ಆಕೆಗೆ ಸುಲಭದ ಮಾತಲ್ಲ. ಬಾಗಿಲ ಹತ್ತಿರ ನಿಂತು ಒಂದೊಂದೇ ಸರ ತೆಗೆದು ತಿಮ್ಮಪ್ಪ ಗೌಡರ ಟವೆಲಿನಲ್ಲಿ ಇಟ್ಟರು. ಅವರು ಗಂಟು ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಸಾಲಿನಲ್ಲಿ ಇನ್ನೂ ಆರು ಜನ ಇದ್ದರು, ನಾನು ಗಡಿಯಾರ ನೋಡುತ್ತಿದ್ದೆ.

ಒಂದು ಯತ್ನಕ್ಕೆ ಮೂರು ಉಸಿರು. ಮೊದಲ ಯತ್ನದ ಮೊದಲ ಉಸಿರಿನಲ್ಲಿ ಆಳ ಸಾಲಲಿಲ್ಲ. ಎರಡನೆಯದು ಅತಿಯಾಯಿತು. ಮೂರನೆಯದು ನಡುವೆ ಎಲ್ಲೋ ನಿಂತಿತು. ಎದೆಯ ಏರಿಳಿತ ಹಿಡಿಯುವ ಕ್ಯಾಮೆರಾದ ಪರದೆಯಲ್ಲಿ ಗೆರೆ ಹಾವಿನ ಹಾಗೆ ಹರಿಯಿತು. ಒಂದು ಗಂಟೆ ಬಿಟ್ಟು ಎರಡನೆಯ ಯತ್ನ ಮಾಡಿಸಿದೆ. ಅದು ಇನ್ನೂ ಕೆಟ್ಟದಾಗಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಡಾಕ್ಟರಿಗೆ ಕೊಟ್ಟ ಮಾತು ಬೇರೆ.

"ಹೊನ್ನಾವರದಾಗೆ ಅಷ್ಟು ಚಂದ ಮಾಡಿದ್ರಿ. ಇಲ್ಲಿ ಎಂತ ಆತು ನಿಮ್ಗೆ? ಲಕ್ಷ್ಯ ಕೊಡೂದಿಲ್ಲ ನೀವು" ಎಂದೆ. ಧ್ವನಿ ಒರಟಾಗಿತ್ತು, ನನಗೇ ಕೇಳಿಸಿತು.

ಮಾದೇವಿಯವರ ಕೈ ಕೊರಳಿನ ಹತ್ತಿರ ಹೋಗಿ, ಏನೂ ಸಿಗದೆ ಕೆಳಗೆ ಬಂತು. ಅದನ್ನು ನೋಡಿದೆ. ಕೊರಳು ಬರಿದಾದ ನಾಚಿಕೆ ಎಂದುಕೊಂಡೆ.

ದೊಡ್ಡ ಡಾಕ್ಟರು ಗೆರೆಗಳನ್ನು ನೋಡಿ, "ನಾಳೆ ಬೆಳಿಗ್ಗೆ ಮೂರನೆಯದು. ಅದೂ ಆಗದಿದ್ದರೆ ಮೂವತ್ತರ ಪಟ್ಟಿಗೆ" ಎಂದರು. ಮೂವತ್ತರ ಪಟ್ಟಿ ಎಂದರೆ ಆಕೆ ಮನೆಗೆ ಹೋಗುತ್ತಾರೆ ಎಂದು ನಾನು ಅವರಿಗೆ ಹೇಳಿದೆ. "ಗೊತ್ತು. ಆದರೆ ಅಲ್ಲಾಡುವ ಗಂಟಿಗೆ ಅಷ್ಟು ಪ್ರಮಾಣ ಕೊಟ್ಟರೆ ಹೃದಯಕ್ಕೆ ಬೀಳುತ್ತದೆ. ಅದನ್ನು ನಾನು ಮಾಡುವುದಿಲ್ಲ" ಎಂದರು. ಅವರು ಹೇಳಿದ್ದು ಸರಿಯೇ ಇತ್ತು.

ಹೊರಗೆ ಬಂದು ತಿಮ್ಮಪ್ಪ ಗೌಡರಿಗೆ ವಿಷಯ ತಿಳಿಸಿದೆ. ಅವರು ಟವೆಲಿನ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಆಮೇಲೆ ತೀರ ಸಂಕೋಚದಿಂದ ಕೇಳಿದರು.

"ಮಣಿ ತೆಗ್ದ ಮೇಲೆ ಎಷ್ಟು ಉಸ್ರು ಎಳೂದು ಅಂತ ಅವ್ಳಿಗೆ ಹ್ಯಾಂಗೆ ತಿಳೀತದೆ ಅಕ್ಕೋರೆ?"

ನನಗೆ ಅರ್ಥವಾಗಲಿಲ್ಲ. ಮನೆಯಲ್ಲಿ ದಿನಾ ಅಭ್ಯಾಸ ಮಾಡಿಸುತ್ತಿದ್ದವರು ತಾವೇ ಎಂದರು. ಮಲಗಿಕೊಂಡಾಗ ಸರಗಳು ಕೊರಳ ಹತ್ತಿರ ಒಟ್ಟಾಗುತ್ತವೆ. ಉಸಿರು ತುಂಬಿದರೆ ಎದೆ ಏರಿ ಮೇಲಿನ ಸರ ಬಿಗಿಯಾಗುತ್ತದೆ. ಅವರು ಆ ಸರದ ಅಡಿ ಒಂದು ಬೆರಳು ಇಡುತ್ತಿದ್ದರಂತೆ. "ನನ್ ಬೆರಳು ಸಿಕ್ಕಿಬಿದ್ರೆ ಸಾಕು ಅಂತಿದ್ದೆ. ಆಮೇಲೆ ಅವ್ಳಿಗೇ ರೂಢಿ ಆತು. ಬಿಗಿ ಆದ್ಕೂಡ್ಲೆ ನಿಲ್ಸ್ತಾಳೆ."

ಅಲ್ಲೇ ಕಾಯುವವರ ಬೆಂಚಿನ ಮೇಲೆ ಆಕೆಯನ್ನು ಮಲಗಿಸಿದೆವು. ಮಣಿ ಹಾಕಿದರು. ನಾನು ಚೀಲದಿಂದ ಬೆಲ್ಟು ತೆಗೆದು ಕಟ್ಟಿದೆ. ನಾಲ್ಕು ಸಲ ಹಿಡಿದರು. ನಾಲ್ಕು ಸಲವೂ ಮುಳ್ಳು ಒಂದೇ ಗೆರೆಯಲ್ಲಿ. ಕಾಯುತ್ತಿದ್ದವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಆಸ್ಪತ್ರೆಗೆ ಕೋಟಿಗಟ್ಟಲೆ ಬೆಲೆಯ ಕ್ಯಾಮೆರಾ ಇತ್ತು, ಆಕೆಗೆ ತನ್ನದೇ ಅಳತೆ ಇತ್ತು, ಅದನ್ನು ತೆಗೆಸಿ ಟವೆಲಿನಲ್ಲಿ ಕಟ್ಟಿಸಿದವಳು ನಾನು. ನನಗೆ ಬಹಳ ನಾಚಿಕೆಯಾಯಿತು.

ಗಾಜಿನ ಮಣಿ ಒಳಗೆ ಬಿಡುವಂತಿಲ್ಲ. ಹತ್ತಿಯ ದಾರ ಕಟ್ಟಿಕೊಳ್ಳಿ ಎಂದೆ. ಮಾದೇವಿ ಮುಖ ತಿರುಗಿಸಿದರು. "ಇವ್ರು ಕಣ್ಣೆದುರಿಗೆ ಕೂತಿರೂವಾಗ ಬರೀ ದಾರ ಕಟ್ಟೂದಿಲ್ಲ" ಎಂದರು. ಅದು ಹಟದ ಮಾತಲ್ಲ, ಭಯದ ಮಾತು. ತಿಮ್ಮಪ್ಪ ಗೌಡರು ಎದ್ದು ಹೋದರು. ಅರ್ಧ ಗಂಟೆಯಲ್ಲಿ ಆಸ್ಪತ್ರೆಯ ಹೊರಗಿನ ಅಂಗಡಿಯಿಂದ ತುಳಸಿ ಮಣಿ ತಂದರು. ಲೋಹ ಇರಬಾರದೆಂದು ತಂತಿಯಿಂದ ಬಿಡಿಸಿ, ನೂಲಿನಲ್ಲಿ ಪೋಣಿಸಿ, ಹೆಂಡತಿಯ ಕೊರಳಿಗೆ ಹಿಡಿದು, ಬೆರಳಿಟ್ಟು ಅಳತೆ ನೋಡಿ ಗಂಟು ಹಾಕಿದರು. ತುಳಸಿಗೆ ಮಾದೇವಿ ಒಪ್ಪಿದರು.

ನಮ್ಮ ಭೌತತಜ್ಞೆ ರೆನಿಟಾ ಎಂಬ ಹುಡುಗಿ. ಕಿರಣದ ಪ್ರಮಾಣ ಅಳೆಯುವುದು ಅವಳ ಕೆಲಸ. ಅವಳ ಬಳಿ ಮನುಷ್ಯನ ಎದೆಯ ಆಕಾರದ ಒಂದು ಬೊಂಬೆ ಇದೆ, ಯಾವ ಹೊಸ ಯೋಜನೆಯನ್ನೂ ಮೊದಲು ಅದರ ಮೇಲೆ ಪರೀಕ್ಷಿಸಬೇಕು. ಆ ಮಧ್ಯಾಹ್ನ ಊಟ ಬಿಟ್ಟು ಬೊಂಬೆಗೆ ತುಳಸಿ ಮಾಲೆ ಹಾಕಿದಳು. ಮಾಲೆ ಇದ್ದಾಗ ಒಂದು ಅಳತೆ, ತೆಗೆದಾಗ ಒಂದು, ಮಾಲೆ ಸರಿದರೆ ಎಂತಾದೀತು ಎಂದು ಇನ್ನೊಂದು. ದೊಡ್ಡ ಡಾಕ್ಟರು ಒಳಗೆ ಬಂದವರು ಬೊಂಬೆಯನ್ನು ನೋಡಿ ಕನ್ನಡಕ ತೆಗೆದರು. "ಇವರಿಗೆ ನೈವೇದ್ಯ ಎಷ್ಟು ಗಂಟೆಗೆ?" ಎಂದರು. ರೆನಿಟಾ ನಗದೆ ಅಳತೆಯ ಹಾಳೆ ಮುಂದಿಟ್ಟಳು. ಕಿರಣಕ್ಕೆ ಮಾಲೆ ಇದೆಯೆಂಬುದೇ ಗೊತ್ತಾಗಿರಲಿಲ್ಲ. ಡಾಕ್ಟರು ಹಾಳೆಯನ್ನು ಎರಡು ಸಲ ಓದಿ, "ಬರೆದಿಡಿ. ಹೇಗಾಯಿತೋ ಹಾಗೆಯೇ ಬರೆಯಿರಿ" ಎಂದರು.

ಮರುದಿನ ಮೂರನೆಯ ಯತ್ನಕ್ಕೆ ಆಕೆ ಮಲಗಿದಾಗ ನಾನು ಪರದೆಯ ಮುಂದೆ ನಿಂತಿದ್ದೆ. ಉಸಿರು ಏರಿತು, ನಿಂತಿತು, ಗೆರೆ ನೀರು ಮಟ್ಟದ ಹಾಗೆ ನೇರವಾಗಿ ಹೋಯಿತು. ಮೂರು ಸಲವೂ ಹಾಗೆಯೇ. ರೆನಿಟಾ ನನ್ನ ತೋಳು ಹಿಸುಕಿದ್ದು ಸಂಜೆಯವರೆಗೆ ನೋಯುತ್ತಿತ್ತು. ಯೋಜನೆ ಸಿದ್ಧವಾದ ಮೇಲೆ ದಿನ ಬಿಟ್ಟು ದಿನ ಐದು ಸಲ ಚಿಕಿತ್ಸೆ ನಡೆಯಿತು. ಪ್ರತಿ ಸಲವೂ ಬಾಗಿಲ ಹತ್ತಿರ ತಿಮ್ಮಪ್ಪ ಗೌಡರು ಮಣಿಗಳನ್ನು ತೆಗೆಸಿಕೊಂಡು ತುಳಸಿ ಮಾಲೆ ಕಟ್ಟುತ್ತಿದ್ದರು, ಬೆರಳಿಟ್ಟು ನೋಡುತ್ತಿದ್ದರು, ಆಮೇಲೆಯೇ ಒಳಗೆ ಬಿಡುತ್ತಿದ್ದರು. ಆ ಎರಡು ನಿಮಿಷ ನಾನು ಗಡಿಯಾರ ನೋಡಲಿಲ್ಲ. ಮುಂದಿನದನ್ನೂ ಹೇಳಿಬಿಡುತ್ತೇನೆ, ಓದುವವರು ಕಾಯುವುದು ಬೇಡ. ಎರಡು ವರ್ಷದ ಸ್ಕ್ಯಾನಿನಲ್ಲಿ ಗಂಟಿನ ಜಾಗದಲ್ಲಿ ಹಳೆಯ ಗಾಯದ ಕಲೆಯಂಥ ಗುರುತು ಮಾತ್ರ ಇತ್ತು. ಮಾದೇವಿ ಈಗಲೂ ಕುಮಟಾ ಪೇಟೆಯಲ್ಲಿ ಹರಿವೆ ಮಾರುತ್ತಾರೆ, ನನಗೆ ಒಂದು ಕಟ್ಟು ಹೆಚ್ಚು ಹಾಕುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ನನ್ನ ಜಾಣತನದ ಕಥೆ ಆಗುತ್ತಿತ್ತು. ಐದನೆಯ ಸಲ ಮುಗಿದ ದಿನ ಎಲ್ಲರೂ ಕೈಕುಲುಕಿ ಹೋದರು. ನನಗೆ ಮಾತ್ರ ಆ ಬರಿದಾದ ಕೊರಳಿನ ಕಡೆ ಹೋದ ಕೈ ಮನಸ್ಸಿನಿಂದ ಹೋಗಲಿಲ್ಲ. ಅಂಥ ಕೈಯನ್ನು ಮೊದಲೂ ಎಲ್ಲೋ ಕಂಡಿದ್ದೇನೆ ಅನಿಸುತ್ತಿತ್ತು. ಪರೀಕ್ಷೆಯಿಂದ ನಾವು ಕೈಬಿಟ್ಟವರ ಫಾರಂಗಳ ಕಡತ ತೆಗೆದೆ. ಸಿಕ್ಕಿತು. ಹೊನ್ನಮ್ಮ ಗೌಡ, ಕತಗಾಲ. ಮಾದೇವಿಗಿಂತ ಒಂದು ವರ್ಷ ಹಿಂದೆ ಬಂದವರು. ಹೊನ್ನಾವರದಲ್ಲಿ ಚೆನ್ನಾಗಿ ಹಿಡಿದಿದ್ದರು, ಆಸ್ಪತ್ರೆಯಲ್ಲಿ ಮೂರು ಯತ್ನದಲ್ಲೂ ಆಗಲಿಲ್ಲ. ಕೈಬಿಡಲು ಕಾರಣ ಎಂಬ ಜಾಗದಲ್ಲಿ ನನ್ನ ಅಕ್ಷರ ಇತ್ತು: ರೋಗಿ ಸಹಕರಿಸಲಿಲ್ಲ. ಮೂವತ್ತರ ಪಟ್ಟಿಗೆ ಹೋಗಿ, ಹನ್ನೊಂದು ಸಲ ಬಂದು, ಆಮೇಲೆ ಬರುವುದನ್ನು ಬಿಟ್ಟಿದ್ದರು.

ಫಾರಂ ಹಿಡಿದು ದೊಡ್ಡ ಡಾಕ್ಟರ ಹತ್ತಿರ ಹೋದೆ. ಅವರು ಅದನ್ನು ಓದಿ ಮೇಜಿನ ಮೇಲಿಟ್ಟರು. "ಅಳಿಸಬೇಡಿ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿ" ಎಂದರು. ಆಮೇಲೆ, "ಅಭ್ಯಾಸದ ವಿಧಾನಕ್ಕೆ ಒಪ್ಪಿಗೆ ಕೊಟ್ಟವನು ನಾನು. ನನ್ನ ಸಹಿಗೂ ಜಾಗ ಬಿಡಿ" ಎಂದರು. 'ಅಭ್ಯಾಸ ಮಾಡಿಸಿದ ವಿಧಾನದ ತಪ್ಪು, ರೋಗಿಯದಲ್ಲ' ಎಂದು ಬರೆದೆ. ಬರೆದಾದ ಮೇಲೆ ಅದು ಸಾಲದು ಅನಿಸಿತು. ಆ ಫಾರಂ ಹೊನ್ನಮ್ಮ ಎಂದೂ ಓದುವಂಥದ್ದಲ್ಲ.

ಮಾದೇವಿಯವರನ್ನು ಕೇಳಿದೆ. ಅವರಿಗೆ ಹೊನ್ನಮ್ಮ ನೆಂಟರ ಪೈಕಿ. "ನಾ ಬತ್ತೆ ಸಂಗ್ತಿಗೆ" ಎಂದರು. ಹೊನ್ನಮ್ಮನ ಸೊಸೆ ಫೋನಿನಲ್ಲಿ ಹೊಸ ಸ್ಕ್ಯಾನಿನ ವರದಿ ಕಳಿಸಿದಳು. ದೊಡ್ಡ ಡಾಕ್ಟರು ನೋಡಿದರು. ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ಐದು ಸಲದ ಚಿಕಿತ್ಸೆಯ ಕಾಲ ಮೀರಿತ್ತು. ನೋವು ಕಡಿಮೆಯಾಗಲು ಒಂದು ಸಲ ಕೊಡಬಹುದು, ಕರೆದುಕೊಂಡು ಬನ್ನಿ ಎಂದರು. ಆ ಮಾತು ಹಿಡಿದುಕೊಂಡು ಹೊರಟೆ.

ಕತಗಾಲದಲ್ಲಿ ಬಸ್ಸಿಳಿದು ಸ್ವಲ್ಪ ನಡೆಯಬೇಕು. ಹತ್ತು ಗಂಟೆಯ ಬಿಸಿಲು. ಹೊನ್ನಮ್ಮ ಜಗಲಿಯ ಚಾಪೆಯ ಮೇಲೆ ಒರಗಿ ಕುಳಿತಿದ್ದರು. ತೋಳು ಕಡ್ಡಿಯಾಗಿತ್ತು. ನಾನು ಮಾತಾಡುವ ಮೊದಲೇ ಗುರುತು ಹಿಡಿದರು.

"ಉಸ್ರಿನ ಅಕ್ಕೋರಲ್ವಾ? ಕರೂಕೆ ಬಂದ್ರಾ?" ಎಂದರು. ಮುಖ ಅರಳಿತು.

ನಾನು ಪಕ್ಕದಲ್ಲಿ ಕುಳಿತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧ ಮರೆತುಹೋಯಿತು. ಮಣಿ ತೆಗೆಸಿದ್ದು ತಪ್ಪಾಯಿತು, ಕೇಳದೆ ಸಿಟ್ಟು ಮಾಡಿದ್ದು ತಪ್ಪಾಯಿತು, ನಿಮ್ಮದು ಏನೂ ತಪ್ಪಿಲ್ಲ ಎಂದೆ. ನೋವಿಗೆ ಒಂದು ಸಲ ಚಿಕಿತ್ಸೆ ಇದೆ, ಅದು ಕಾಯಿಲೆ ತೆಗೆಯುವುದಿಲ್ಲ, ನಿದ್ದೆ ಮಾಡಿಸುತ್ತದೆ ಎಂದೂ ಹೇಳಿದೆ. ಸುಳ್ಳು ಹೇಳಲಿಲ್ಲ. ಮಾದೇವಿ ಆಕೆಯ ಕಾಲು ಒತ್ತುತ್ತ ಕುಳಿತಿದ್ದರು.

ಹೊನ್ನಮ್ಮ ಎಲ್ಲ ಕೇಳಿ ತಲೆಯಾಡಿಸಿದರು. "ಹೌದು, ಮಣಿ ಬಿಗಿ ಆಗೂದು ನೋಡ್ಕಂಡೇ ಮಾಡ್ತಿದ್ದೆ" ಎಂದರು. "ಆದ್ರೂ ತಪ್ಪು ನಂದೇ ಬಿಡಿ. ಅಷ್ಟೆಲ್ಲ ಕಲ್ಸಿದ್ರಿ ನೀವು, ನಂಗೆ ಅಲ್ಲಿ ಬರ್ಲಿಲ್ಲ. ಈಗ ಬತ್ತದೆ."

ನಾನು ಸೊಸೆಯ ಮುಖ ನೋಡಿದೆ. "ದಿನಾ ಬೆಳಿಗ್ಗೆ ಮಾಡ್ತ್ರು. ಒಂದಿನಾನೂ ಬಿಡ್ಲಿಲ್ಲ" ಎಂದಳು ಅವಳು. "ಆಸ್ಪತ್ರೆಯವ್ರು ಮತ್ತೆ ಕರದ್ರೆ ಬೇಕಲ್ಲ ಅಂತ್ರು. ಮಣಿ ತೆಗ್ದಿಟ್ಟೇ ಮಾಡ್ತ್ರು."

ಬೇಡ, ದಣಿವಾಗುತ್ತದೆ ಎಂದೆ. ಅವರು ಕೇಳಲಿಲ್ಲ. ಸರಗಳನ್ನು ಒಂದೊಂದೇ ತೆಗೆದು ಸೊಸೆಯ ಕೈಗೆ ಕೊಟ್ಟರು. ಮೆಲ್ಲಗೆ ಮಲಗಿ, ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಂಡರು, ನಾನು ಕಲಿಸಿದ ಹಾಗೆಯೇ. ಕಣ್ಣು ಮುಚ್ಚಿ ಉಸಿರು ಎಳೆದು ಹಿಡಿದರು. ಎಣಿಸುವುದು ನನ್ನ ಕೆಲಸ, ಎಣಿಸಿದೆ. ಆ ಎದೆ ಒಂದು ಚೂರೂ ಅಲ್ಲಾಡಲಿಲ್ಲ. ಇಪ್ಪತ್ತೈದಕ್ಕೆ ಬಿಡಿ ಎಂದೆ, ಬಿಟ್ಟರು. ಮತ್ತೆ ಎಳೆದು ಹಿಡಿದರು. ಅಷ್ಟೇ ಆಳಕ್ಕೆ ಹಿಡಿದರು. ಬೆಲ್ಟು ಇಲ್ಲದೆಯೂ ನನ್ನ ಕಣ್ಣಿಗೆ ಗೊತ್ತಾಗುತ್ತಿತ್ತು.

ಮೂರನೆಯದನ್ನು ಬಿಟ್ಟ ಮೇಲೆ ತುಸು ಏದುತ್ತ, ಮುಖ ನನ್ನ ಕಡೆ ತಿರುಗಿಸಿ ಕೇಳಿದರು, "ಈಗ ಸರಿ ಬಂತಾ ಅಕ್ಕೋರೆ?"

"ಬಂತು ಹೊನ್ನಮ್ಮ" ಎಂದೆ. "ನಿಮ್ಗೆ ಆವತ್ತೂ ಬರ್ತಿತ್ತು."